ಗೋಡೆ ಎಳೆಯುವವರು ಯಾರು: ವರ್ಚುವಲ್ ಟೇಬಲ್‌ಟಾಪ್ ಆಯ್ಕೆಯ ಒಂದು ಪ್ರಕರಣ

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಆಡುವ ಕಥೆಯ ಆಟಗಳನ್ನು ದೂರದೂರದಲ್ಲಿರುವವರು ಪರದೆಯ ಮೇಲೆ ಒಟ್ಟಿಗೆ ಆಡಲು ನೆರವಾಗುವ ತಂತ್ರಾಂಶವೇ ವರ್ಚುವಲ್ ಟೇಬಲ್‌ಟಾಪ್. ಅಂಥದೊಂದನ್ನು ಆರಿಸಿಕೊಳ್ಳಲು ಹೊರಟ ಒಂದು ತಂಡದ ಕಥೆ ಇದು. ಈ ಬರಹದಲ್ಲಿ ಬರುವ ಆರು ಜನರ ಗುರುತು ಸಿಗದಿರಲೆಂದು ಅವರ ಹೆಸರು, ಊರು, ಉದ್ಯೋಗಗಳನ್ನು ಬಿಟ್ಟಿದ್ದೇನೆ. ಅವರು ಬಳಸಿ ನೋಡಿದ ತಂತ್ರಾಂಶಗಳನ್ನೂ ಹೆಸರಿಸದೆ, ಅವು ಯಾವ ಬಗೆಗೆ ಸೇರಿದವು ಎಂಬುದನ್ನಷ್ಟೇ ಹೇಳಿದ್ದೇನೆ. ನಾನು ಆ ತಂಡದ ಆಟಗಾರನಲ್ಲ. ತಾಂತ್ರಿಕ ತೊಡಕುಗಳು ಎದುರಾದಾಗ ಸಲಹೆ ಕೇಳಲು ಕರೆಸಿಕೊಂಡವನು. ಆ ನೆಪದಲ್ಲಿ ಅವರ ತೀರ್ಮಾನಗಳು ಹೇಗೆ ರೂಪುಗೊಂಡವು, ಎಲ್ಲಿ ತಿರುಗಿದವು ಎಂಬುದನ್ನು ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತು.

ಹಿನ್ನೆಲೆ

ತಂಡದಲ್ಲಿ ಒಬ್ಬರು ಗೇಮ್ ಮಾಸ್ಟರ್, ಅಂದರೆ ಕಥೆಯನ್ನು ನಡೆಸಿ ಎದುರಾಳಿಗಳನ್ನು ಆಡಿಸುವವರು, ಐವರು ಆಟಗಾರರು. ಹಲವು ವರ್ಷ ಒಂದೇ ಮೇಜಿನ ಸುತ್ತ ಕೂತು ಆಡಿದವರು, ಓದು ಮತ್ತು ಕೆಲಸದ ಕಾರಣಕ್ಕೆ ದಿಕ್ಕಿಗೊಬ್ಬರಾದ ಮೇಲೆ ವಿಡಿಯೊ ಕರೆಯಲ್ಲಿ ಆಟ ಮುಂದುವರಿಸಿದ್ದರು. ಎರಡು ವಾರಕ್ಕೊಮ್ಮೆ ರಾತ್ರಿ ಸುಮಾರು ಮೂರು ಗಂಟೆ ಅವರ ಸೆಷನ್. ಗೇಮ್ ಮಾಸ್ಟರ್ ಪೂರ್ಣಾವಧಿ ಕೆಲಸದಲ್ಲಿರುವ ಮಹಿಳೆ. ಆಟದ ಸಿದ್ಧತೆಗೆ ಅವರಿಗೆ ಸಿಗುತ್ತಿದ್ದುದು ವಾರಾಂತ್ಯದ ಒಂದೆರಡು ಗಂಟೆ ಮಾತ್ರ. ಆಟಗಾರರಲ್ಲಿ ಒಬ್ಬರು ಸಾಫ್ಟ್‌ವೇರ್ ಬಲ್ಲವರು, ಹೊಸದನ್ನು ಜೋಡಿಸಿ ನೋಡುವುದರಲ್ಲಿ ಉತ್ಸಾಹವಿದ್ದವರು. ಮುಂದೆ ಅವರನ್ನು ತಾಂತ್ರಿಕ ಸದಸ್ಯರೆಂದೇ ಕರೆಯುತ್ತೇನೆ. ಇನ್ನೊಬ್ಬರ ಬಳಿ ಇದ್ದುದು ಕೆಲವು ವರ್ಷ ಹಳೆಯದಾದ ಒಂದು ಟ್ಯಾಬ್ಲೆಟ್ ಅಷ್ಟೇ. ಮತ್ತೊಬ್ಬರಿಗೆ ಕೆಂಪು ಮತ್ತು ಹಸಿರನ್ನು ಬೇರ್ಪಡಿಸಿ ನೋಡುವುದು ಕಷ್ಟ. ಈ ಕೊನೆಯ ಎರಡು ಸಂಗತಿಗಳು ತಂಡದ ಎಲ್ಲರಿಗೂ ಮೊದಲಿನಿಂದ ಗೊತ್ತಿದ್ದವು, ಆದರೆ ತಂತ್ರಾಂಶ ಆರಿಸುವಾಗ ಯಾರ ಲೆಕ್ಕಕ್ಕೂ ಬರಲಿಲ್ಲ.

ಅವರು ಆಡುತ್ತಿದ್ದುದು 2019ರಲ್ಲಿ ಬಂದ ಪಾತ್‌ಫೈಂಡರ್ ಎರಡನೆಯ ಆವೃತ್ತಿ. ಆಟದ ಪರಿಚಯವಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ಕಾದಾಟದಲ್ಲಿ ಪ್ರತಿ ಪಾತ್ರಕ್ಕೂ ತನ್ನ ಸರದಿಯಲ್ಲಿ ಮೂರು ಕ್ರಿಯೆಗಳಿರುತ್ತವೆ, ಒಂದೇ ಸರದಿಯಲ್ಲಿ ಎರಡನೆಯ ಏಟು ಹಾಕಿದರೆ ದಾಳದ ಮೊತ್ತದಿಂದ 5 ಕಳೆಯಬೇಕು, ಮೂರನೆಯದಕ್ಕೆ 10, ಆಯುಧ ಹಗುರವಾದ ಚುರುಕು ಬಗೆಯದಾದರೆ ಅದು 4 ಮತ್ತು 8 ಆಗುತ್ತದೆ. ಎದುರಾಳಿಯನ್ನು ಇಬ್ಬರು ಎರಡು ಬದಿಯಿಂದ ಸುತ್ತುವರಿದಿದ್ದರೆ ಅವನ ರಕ್ಷಣಾಂಕ 2 ಇಳಿಯುತ್ತದೆ, ಅವನು ಹೆದರಿದ್ದರೆ ಇನ್ನಷ್ಟು ಇಳಿಯುತ್ತದೆ, ಆ ಹೆದರಿಕೆ ಅವನ ಪ್ರತಿ ಸರದಿಯ ಕೊನೆಗೂ ಒಂದಂಕ ಕಡಿಮೆಯಾಗುತ್ತ ಹೋಗುತ್ತದೆ. ಒಂದೇ ಬಗೆಯ ಎರಡು ಕಡಿತಗಳಿದ್ದರೆ ಕೂಡುವುದಿಲ್ಲ, ದೊಡ್ಡದಷ್ಟೇ ಲೆಕ್ಕಕ್ಕೆ. ಬೇರೆ ಬಗೆಯವಾದರೆ ಕೂಡುತ್ತವೆ. ಇಷ್ಟೆಲ್ಲ ಆದ ಮೇಲೆ ಮೊತ್ತವು ಗುರಿಯ ಅಂಕಿಯನ್ನು 10ರಷ್ಟು ಮೀರಿದರೆ ಏಟು ಇಮ್ಮಡಿ. ಆದ್ದರಿಂದ ಒಂದಂಕದ ತಪ್ಪಿಗೂ ಇಲ್ಲಿ ಬೆಲೆ ತೆರಬೇಕಾಗುತ್ತದೆ, ಮತ್ತು ಯಾರು ಯಾವ ಚೌಕದಲ್ಲಿ ನಿಂತಿದ್ದಾರೆ ಎಂಬುದು ಬರಿಯ ಅಲಂಕಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಸಮಸ್ಯೆ

ವಿಡಿಯೊ ಕರೆಯಲ್ಲಿ ಗೇಮ್ ಮಾಸ್ಟರ್ ಒಂದು ಸಾಮಾನ್ಯ ಡ್ರಾಯಿಂಗ್ ಬೋರ್ಡನ್ನು ಹಂಚಿಕೊಳ್ಳುತ್ತಿದ್ದರು. ಪಾತ್ರಗಳನ್ನು ಸೂಚಿಸುವ ಬಿಲ್ಲೆಗಳನ್ನು ಸರಿಸುವವರು ಅವರೊಬ್ಬರೇ. "ನಾನು ಕಂಬದ ಹಿಂದೆ ನಿಂತಿದ್ದೆ", "ಇಲ್ಲ ಕಣೋ, ಹೋದ ಸರದಿಯಲ್ಲೇ ನೀನು ಈಚೆ ಬಂದೆ" ಎಂಬ ಮಾತು ಪ್ರತಿ ಕಾದಾಟದಲ್ಲೂ ಬರುತ್ತಿತ್ತು. ದಾಳವನ್ನು ಅವರವರ ಮನೆಯಲ್ಲಿ ಉರುಳಿಸಿ ಅಂಕಿ ಹೇಳುತ್ತಿದ್ದರು. ಕೂಡಿ ಕಳೆಯುವ ಲೆಕ್ಕ ತಪ್ಪಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಗೊತ್ತಾದರೆ ಹಿಂದಕ್ಕೆ ಹೋಗಿ ತಿದ್ದಬೇಕಾಗುತ್ತಿತ್ತು. ನಾಲ್ಕು ಸುತ್ತಿನ ಒಂದು ಕಾದಾಟವೇ ಇಡೀ ರಾತ್ರಿಯನ್ನು ನುಂಗುತ್ತಿದ್ದುದರಿಂದ, ಕಥೆ ತಿಂಗಳುಗಟ್ಟಲೆ ಒಂದೇ ಕೋಟೆಯ ಬಾಗಿಲಲ್ಲಿ ನಿಂತಿತ್ತು. ಆಗ ತಾಂತ್ರಿಕ ಸದಸ್ಯರು ಸರಿಯಾದ ವರ್ಚುವಲ್ ಟೇಬಲ್‌ಟಾಪ್ ಒಂದನ್ನು ಆರಿಸೋಣ ಎಂದರು, ಎಲ್ಲರೂ ಒಪ್ಪಿದರು.

ಪಟ್ಟಿಯ ತೀರ್ಪು

ಈ ಕ್ಷೇತ್ರದಲ್ಲಿ ಆಯ್ಕೆಗಳಿಗೆ ಬರವಿಲ್ಲ. 2004ರಲ್ಲೇ ಬಂದ ಫ್ಯಾಂಟಸಿ ಗ್ರೌಂಡ್ಸ್, ಜಾವಾದಲ್ಲಿ ಬರೆದ ಉಚಿತ ಮುಕ್ತ ತಂತ್ರಾಂಶ ಮ್ಯಾಪ್‌ಟೂಲ್ ಇವು ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡಿಕೊಂಡು ಆಡುವಂಥವು. 2012ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಹಣ ಸಂಗ್ರಹಿಸಿ ಹುಟ್ಟಿದ ರೋಲ್20 ಕಂಪನಿಯದೇ ಸರ್ವರಿನಲ್ಲಿ ನಡೆಯುತ್ತದೆ, ಬ್ರೌಸರ್ ಇದ್ದರೆ ಸಾಕು. ಹೆಚ್ಚಿನ ಸೌಲಭ್ಯಗಳಿಗೆ ಚಂದಾ. 2020ರಲ್ಲಿ ಬಂದ ಫೌಂಡ್ರಿಯಲ್ಲಿ ಆಟ ನಡೆಸುವವರೊಬ್ಬರು ಒಂದು ಸಲ ಹಣ ಕೊಟ್ಟರೆ ಆಯಿತು, ಆಟಗಾರರು ಬ್ರೌಸರಿನಿಂದ ಸೇರಿಕೊಳ್ಳಬಹುದು. ಆದರೆ ಸರ್ವರ್ ಅವರದೇ ಹೊಣೆ. ಔಲ್‌ಬೇರ್ ರೋಡಿಯೊದಂಥವು ನಕ್ಷೆ, ಬಿಲ್ಲೆ, ದಾಳ ಇಷ್ಟಕ್ಕೆ ತೃಪ್ತಿಪಟ್ಟು, ಆಟದ ನಿಯಮಗಳ ಗೊಡವೆಗೆ ಹೋಗುವುದಿಲ್ಲ. ಟೇಬಲ್‌ಟಾಪ್ ಸಿಮ್ಯುಲೇಟರ್ ಮೂರು ಆಯಾಮದ ಮೇಜನ್ನೇ ಪರದೆಯ ಮೇಲೆ ತರುತ್ತದೆ, ಅದಕ್ಕೆ ತಕ್ಕ ಯಂತ್ರವನ್ನೂ ಬೇಡುತ್ತದೆ.

ತಾಂತ್ರಿಕ ಸದಸ್ಯರು ಒಂದು ಸ್ಪ್ರೆಡ್‌ಶೀಟ್ ಮಾಡಿದರು. ಎಡಕ್ಕೆ ಸೌಲಭ್ಯಗಳು, ಮೇಲಕ್ಕೆ ತಂತ್ರಾಂಶಗಳು, ನಡುವೆ ಅಂಕಗಳು. ಡೈನಾಮಿಕ್ ಲೈಟಿಂಗ್ (ಪಾತ್ರದ ಕಣ್ಣಿಗೆ ಕಾಣುವಷ್ಟು ಭಾಗವನ್ನೇ ಬೆಳಗಿ ತೋರಿಸುವುದು), ಮಂತ್ರಗಳಿಗೆ ಅನಿಮೇಷನ್, ಹಿನ್ನೆಲೆ ಸಂಗೀತ, ಹವಾಮಾನದ ಪರಿಣಾಮ, ನಿಯಮಗಳ ಸ್ವಯಂಚಾಲನೆ, ಮಾಡ್ಯೂಲ್‌ಗಳ (ಮುಖ್ಯ ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ತುಣುಕುಗಳ) ಸಂಖ್ಯೆ, ಹೀಗೆ ಸಾಲುಗಳು ಬೆಳೆದವು. ನಾನು ಆ ಹಾಳೆಯನ್ನು ನಂತರ ನೋಡಿದೆ; ಶ್ರದ್ಧೆಯಿಂದ ಮಾಡಿದ ಕೆಲಸ. ಅದರಲ್ಲಿ ಪ್ರತಿ ಸಾಲೂ "ಇದು ಏನು ಮಾಡಬಲ್ಲದು" ಎಂದು ಕೇಳುತ್ತಿತ್ತು. "ಇದನ್ನು ಯಾರು ಮಾಡಬೇಕು" ಎಂದು ಕೇಳುವ ಒಂದು ಸಾಲೂ ಇರಲಿಲ್ಲ. ಡೈನಾಮಿಕ್ ಲೈಟಿಂಗ್ ಇದೆ ಎಂಬುದಕ್ಕೆ ಪೂರ್ಣ ಅಂಕ ಸಿಕ್ಕಿತ್ತು. ಪ್ರತಿ ನಕ್ಷೆಯ ಪ್ರತಿ ಗೋಡೆಯನ್ನೂ ಕೈಯಿಂದ ಎಳೆದು ಗುರುತಿಸಿದರೆ ಮಾತ್ರ ಅದು ಕೆಲಸ ಮಾಡುತ್ತದೆ ಎಂಬುದು ಹಾಳೆಯ ಹೊರಗೆ ಉಳಿದಿತ್ತು. ಅಂಕ ಕೂಡಿದಾಗ ಸ್ವಂತ ಸರ್ವರಿನ ಬಗೆಯದೊಂದು ತಂತ್ರಾಂಶ ದೊಡ್ಡ ಅಂತರದಿಂದ ಗೆದ್ದಿತು. ಗೇಮ್ ಮಾಸ್ಟರ್ ಹಾಳೆಯನ್ನು ನೋಡಿ, ಇಷ್ಟು ಸ್ಪಷ್ಟವಾಗಿರುವಾಗ ಚರ್ಚಿಸುವುದೇನಿದೆ ಎಂದು ಸುಮ್ಮನಾದರು.

ಮೊದಲ ಪ್ರಯತ್ನ

ಆರಂಭದಲ್ಲೇ ತೊಡಕಾಯಿತು. ಸರ್ವರನ್ನು ಗೇಮ್ ಮಾಸ್ಟರ್ ಅವರ ಲ್ಯಾಪ್‌ಟಾಪಿನಲ್ಲಿ ಓಡಿಸುವುದೆಂದು ಮಾತಾಗಿತ್ತು. ರೌಟರಿನಲ್ಲಿ ಪೋರ್ಟ್, ಅಂದರೆ ಹೊರಗಿನವರು ಒಳಬರುವ ದಾರಿ, ತೆರೆದರೂ ಹೊರಗಿನಿಂದ ಯಾರಿಗೂ ಸಂಪರ್ಕ ಸಿಗಲಿಲ್ಲ. ಎರಡು ಸಂಜೆ ರೌಟರಿನ ಸೆಟ್ಟಿಂಗ್‌ಗಳೊಂದಿಗೆ ಗುದ್ದಾಡಿದ ಮೇಲೆ ನನ್ನನ್ನು ಕೇಳಿದರು. ರೌಟರಿನ ಹೊರಬದಿಯ ವಿಳಾಸ ಯಾವುದೆಂದು ನೋಡಲು ಹೇಳಿದೆ, ಅದು 100.72 ಎಂದು ಆರಂಭವಾಗುತ್ತಿತ್ತು. 100.64ರಿಂದ 100.127ರವರೆಗಿನ ವಿಳಾಸಗಳು ಇಂಟರ್‌ನೆಟ್ ಕಂಪನಿಗಳು ಅನೇಕ ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸಲು ಮೀಸಲಾದವು. ಅಂಥ ಕಡೆ ಮನೆಯ ರೌಟರಿನಲ್ಲಿ ಏನು ತೆರೆದರೂ ಪ್ರಯೋಜನವಿಲ್ಲ, ಏಕೆಂದರೆ ಮುಚ್ಚಿರುವ ಬಾಗಿಲು ಕಂಪನಿಯದು. ಸ್ವಂತ ಸರ್ವರ್ ಯೋಚಿಸುವ ಯಾರೇ ಆಗಲಿ, ತಂತ್ರಾಂಶಕ್ಕೆ ಹಣ ಕೊಡುವ ಮೊದಲು ಈ ಒಂದು ಅಂಕಿಯನ್ನು ನೋಡಿಕೊಳ್ಳುವುದು ಒಳ್ಳೆಯದು. ಎರಡು ನಿಮಿಷದ ಕೆಲಸ.

ಮುಂದಿದ್ದ ದಾರಿಗಳು ಮೂರು: ಎಲ್ಲರಿಗೂ ಐಪಿವಿ6 (ವಿಳಾಸಗಳ ಕೊರತೆಯಿಲ್ಲದ ಹೊಸ ಬಗೆಯ ಇಂಟರ್‌ನೆಟ್ ವಿಳಾಸ) ಇದ್ದರೆ ಅದನ್ನು ಬಳಸುವುದು, ನಡುವೆ ಒಂದು ಟನೆಲ್ ಸೇವೆ (ಹೊರಗಿನ ಯಂತ್ರವೊಂದರ ಮೂಲಕ ಸಂಪರ್ಕ ಹಾಯಿಸುವುದು) ಹಾಕಿಕೊಳ್ಳುವುದು, ಇಲ್ಲವೇ ಬಾಡಿಗೆಗೆ ಒಂದು ಚಿಕ್ಕ ಸರ್ವರ್ ಪಡೆಯುವುದು. ಐವರಲ್ಲಿ ಇಬ್ಬರಿಗೆ ಐಪಿವಿ6 ಇರಲಿಲ್ಲ. ಟನೆಲ್ ಸಾಕಾಗುತ್ತಿತ್ತು, ಆದರೆ ಅಪ್‌ಲೋಡ್ ವೇಗದ ಲೆಕ್ಕ ಹಾಕಿದಾಗ ಅದನ್ನೂ ಬಿಡಬೇಕಾಯಿತು. ಗೇಮ್ ಮಾಸ್ಟರ್ ಮನೆಯ ಅಪ್‌ಲೋಡ್ ಸೆಕೆಂಡಿಗೆ 5 ಮೆಗಾಬಿಟ್. 12 ಎಂಬಿಯ ಒಂದು ನಕ್ಷೆಯನ್ನು ಐವರಿಗೆ ಕಳಿಸಬೇಕೆಂದರೆ 60 ಎಂಬಿ, ಅಂದರೆ 480 ಮೆಗಾಬಿಟ್. ಬೇರೇನೂ ಅಡ್ಡ ಬಾರದಿದ್ದರೂ ಒಂದೂವರೆ ನಿಮಿಷ, ಮತ್ತು ಅಷ್ಟು ಹೊತ್ತು ಅದೇ ಸಂಪರ್ಕದ ಮೇಲಿರುವ ವಿಡಿಯೊ ಕರೆ ತಡವರಿಸುತ್ತದೆ. ಕೊನೆಗೆ ತಾಂತ್ರಿಕ ಸದಸ್ಯರು ತಮ್ಮ ಖರ್ಚಿನಲ್ಲಿ ಬಾಡಿಗೆ ಸರ್ವರ್ ಪಡೆದರು. ಇದು ಸರಿಯಾದ ಪರಿಹಾರವೇ. ಆದರೆ ಆ ಕ್ಷಣದಿಂದ ಆಟದ ಕೀಲಿಕೈ ಗೇಮ್ ಮಾಸ್ಟರ್ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು, ಅದನ್ನು ಯಾರೂ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ.

ನಂತರದ ವಾರಗಳಲ್ಲಿ ತಾಂತ್ರಿಕ ಸದಸ್ಯರು ಮಾಡ್ಯೂಲ್‌ಗಳನ್ನು ಒಂದರ ಮೇಲೊಂದು ಸೇರಿಸುತ್ತ ಹೋದರು. ಬೆಂಕಿಯ ಉಂಡೆ ನಿಜಕ್ಕೂ ಹಾರಿ ಸಿಡಿಯಿತು, ಮಳೆ ಸುರಿಯಿತು, ಬಾಗಿಲು ಕಿರುಗುಟ್ಟಿತು. ಲೆಕ್ಕಗಳು ತಾವಾಗಿಯೇ ಆಗತೊಡಗಿದವು. ಎರಡನೆಯ ಏಟಿನ ಕಡಿತ, ಹೆದರಿಕೆ, ಸುತ್ತುವರಿದದ್ದು ಎಲ್ಲವನ್ನೂ ಕೂಡಿಸಿ ಕಳೆದು ಏಟು ತಗುಲಿತೋ ಇಲ್ಲವೋ ಎಂದು ಪರದೆಯೇ ಹೇಳುತ್ತಿತ್ತು. ಆಟಗಾರರು ಮೆಚ್ಚಿದರು. ಮೆಚ್ಚುಗೆಯ ಬೆಲೆ ತೆತ್ತವರು ಮಾತ್ರ ಗೇಮ್ ಮಾಸ್ಟರ್.

ಅವರ ಒಂದು ಭಾನುವಾರ ಹೇಗೆ ಕಳೆಯಿತು ಎಂಬುದನ್ನು ಪರದೆ ಹಂಚಿಕೊಂಡು ನನಗೆ ತೋರಿಸಿದರು. ನೆಲಮಾಳಿಗೆಯ ಒಂದು ನಕ್ಷೆ. ಹದಿನೈದು ಕೋಣೆ, ಸುತ್ತುಬಳಸಿನ ಓಣಿಗಳು, ಒರಟು ಕಲ್ಲಿನ ಅಂಚುಗಳು. ಬೆಳಕು ಮತ್ತು ನೋಟ ಸರಿಯಾಗಿ ತಡೆಯಬೇಕೆಂದರೆ ಅಂಚಿನುದ್ದಕ್ಕೂ ಚಿಕ್ಕ ಚಿಕ್ಕ ಗೆರೆಗಳನ್ನು ಜೋಡಿಸುತ್ತ ಹೋಗಬೇಕು, ಬಾಗಿಲುಗಳನ್ನು ಬಾಗಿಲೆಂದೇ ಬೇರೆ ಗುರುತಿಸಬೇಕು, ಪಂಜುಗಳಿಗೆ ಒಂದೊಂದಕ್ಕೂ ಬೆಳಕಿನ ದೂರ ಕೊಡಬೇಕು. ಅವರು ಎಲ್ಲವನ್ನೂ ಮಾಡಿದ್ದರು. ಒಂದು ಮೂಲೆಯಲ್ಲಿ ಎರಡು ಗೆರೆಗಳ ತುದಿಗಳು ಕೂಡದೆ ಕೂದಲೆಳೆಯಷ್ಟು ಸಂದು ಉಳಿದಿತ್ತು. ಸೆಷನ್ನಿನ ದಿನ ಕಳ್ಳನ ಪಾತ್ರದವರು ಬಿಲ್ಲೆಯನ್ನು ಆ ಮೂಲೆಗೆ ತಂದಾಗ, ಸಂದಿನಿಂದ ನೋಟ ತೂರಿ ಗುಪ್ತ ಕೋಣೆಯ ಒಂದು ಸೀಳು ಪರದೆಯ ಮೇಲೆ ಬೆಳಗಿತು. ಒಳಗೆ ಕಾದಿದ್ದ ಮುಖ್ಯ ಎದುರಾಳಿ ಎಲ್ಲರಿಗೂ ಕಂಡ. ಮೂರು ಸೆಷನ್‌ಗಳಿಂದ ಹೆಣೆದುಕೊಂಡು ಬಂದಿದ್ದ ರಹಸ್ಯ ಅಲ್ಲಿಗೆ ಮುಗಿಯಿತು.

ಟ್ಯಾಬ್ಲೆಟ್ ಬಳಸುವವರ ಪಾಡು ಬೇರೆಯೇ. ನಕ್ಷೆ ಬದಲಾದಾಗಲೆಲ್ಲ ಅವರ ಬ್ರೌಸರ್ ತಾನಾಗಿಯೇ ಮರುಲೋಡ್ ಆಗುತ್ತಿತ್ತು. "ನನಗೆ ಬರೀ ಕಪ್ಪು ಕಾಣ್ತಿದೆ, ನೀವು ಆಡ್ತಾ ಇರಿ" ಎಂಬುದು ಅವರು ಹೆಚ್ಚಾಗಿ ಆಡುವ ಮಾತಾಯಿತು. ನೆಟ್‌ವರ್ಕ್ ಸಮಸ್ಯೆ ಎಂದು ತಂಡದವರು ನಂಬಿದ್ದರು. ಕಾರಣ ಚಿತ್ರದ ಅಳತೆಯಲ್ಲಿತ್ತು. ಕೋಟೆಯ ನಕ್ಷೆ ಎರಡೂ ಬದಿಗೆ 8192 ಪಿಕ್ಸೆಲ್. ಅದರ ಕಡತ ಎಷ್ಟೇ ಚೆನ್ನಾಗಿ ಕುಗ್ಗಿಸಿದ್ದರೂ, ಪರದೆಗೆ ಬರುವಾಗ ಪ್ರತಿ ಪಿಕ್ಸೆಲ್ಲಿಗೆ 4 ಬೈಟಿನಂತೆ ಬಿಚ್ಚಿಕೊಂಡು ಗ್ರಾಫಿಕ್ಸ್ ಸ್ಮೃತಿಯಲ್ಲಿ 256 ಎಂಬಿ ಹಿಡಿಯುತ್ತದೆ. ಅದರ ಮೇಲೆ ಬೆಳಕಿನ ಪದರ, ಮಬ್ಬಿನ ಪದರ, ಮಳೆ. ಹಳೆಯ ಟ್ಯಾಬ್ಲೆಟ್ಟಿನ ಬ್ರೌಸರ್ ಇಷ್ಟನ್ನು ತಾಳಲಾರದೆ ಪುಟವನ್ನೇ ಕೈಬಿಡುತ್ತಿತ್ತು. ಡೌನ್‌ಲೋಡ್ ಅಳತೆ ಬೇರೆ, ಸ್ಮೃತಿಯ ಅಳತೆ ಬೇರೆ ಎಂಬುದನ್ನು ಆಟ ನಡೆಸುವವರಲ್ಲಿ ಬಹಳ ಮಂದಿ ಗಮನಿಸುವುದಿಲ್ಲ.

ತಿರುವು

ಒಂದು ಸೆಷನ್ನಿಗೆ ಕೆಲವೇ ಗಂಟೆ ಮುಂಚೆ ತಾಂತ್ರಿಕ ಸದಸ್ಯರು ತಂತ್ರಾಂಶವನ್ನು ಹೊಸ ಆವೃತ್ತಿಗೆ ಏರಿಸಿದರು. ಮುಖ್ಯ ತಂತ್ರಾಂಶ ಏರಿತು, ಬೇರೆಯವರು ಬಿಡುವಿನಲ್ಲಿ ಬರೆದ ಮಾಡ್ಯೂಲ್‌ಗಳು ಏರಲಿಲ್ಲ. ನಕ್ಷೆ ತೆರೆಯಲಿಲ್ಲ, ಪಾತ್ರದ ಹಾಳೆಗಳು ಅರ್ಧಂಬರ್ಧ ತೆರೆದವು. ಏರಿಸುವ ಮುನ್ನ ಬ್ಯಾಕಪ್ ತೆಗೆದಿರಲಿಲ್ಲವಾದ್ದರಿಂದ ಹಿಂದಕ್ಕೆ ಹೋಗುವ ದಾರಿಯೂ ಆ ರಾತ್ರಿಗೆ ಇರಲಿಲ್ಲ. ಬೇರೆ ದಾರಿ ಕಾಣದೆ ಬರಿಯ ಮಾತಿನಲ್ಲಿ ಆಡಿದರು.

ಇಂಥ ಕಥೆಗಳು ಸಾಮಾನ್ಯವಾಗಿ "ತಂತ್ರಾಂಶವಿಲ್ಲದೆಯೇ ಆಟ ಚೆನ್ನಾಗಿತ್ತು" ಎಂದು ಮುಗಿಯುತ್ತವೆ. ಇಲ್ಲಿ ಹಾಗಾಗಲಿಲ್ಲ, ಮತ್ತು ಹಾಗಾಗದಿದ್ದುದೇ ಈ ಪ್ರಕರಣವನ್ನು ಬರೆಯಲು ಕಾರಣ. ಮೊದಲ ಒಂದೂವರೆ ಗಂಟೆ, ಅಂದರೆ ದರಬಾರಿನಲ್ಲಿ ಮಾತುಕತೆ ನಡೆದ ಭಾಗ, ಲವಲವಿಕೆಯಿಂದ ಸಾಗಿತು. ಬಹಳ ದಿನಗಳ ನಂತರ ಟ್ಯಾಬ್ಲೆಟ್ಟಿನವರೂ ಮಾತಾಡಿದರು. ಬಳಿಕ ಬಂದ ಒಂದು ಚಿಕ್ಕ ಕಾದಾಟ ಪೂರ್ತಿ ಕುಲಗೆಟ್ಟಿತು: ಯಾರು ಯಾರನ್ನು ಸುತ್ತುವರಿದಿದ್ದಾರೆ ಎಂದು ಒಬ್ಬೊಬ್ಬರ ಮನಸ್ಸಿನಲ್ಲಿ ಒಂದೊಂದು ಚಿತ್ರ, ಲೆಕ್ಕಗಳಲ್ಲಿ ಜಗಳ, ಎರಡನೆಯ ಸುತ್ತಿನಲ್ಲೇ ಸಾಕೆಂದು ನಿಲ್ಲಿಸಿದರು.

ಮರುದಿನ ಗೇಮ್ ಮಾಸ್ಟರ್ ನನಗೆ ಕಳಿಸಿದ ಸಂದೇಶದಲ್ಲಿ ಎರಡು ಪ್ರಶ್ನೆಗಳಿದ್ದವು. ಮಾತಿನ ಭಾಗಕ್ಕೆ ತಂತ್ರಾಂಶ ಯಾಕೆ ಬೇಕು? ಕಾದಾಟದ ಭಾಗಕ್ಕೆ ಅದರಲ್ಲಿ ಯಾವುದು ಬೇಕು? ಇದಕ್ಕೆ ಉತ್ತರ ಊಹೆಯಿಂದ ಸಿಗುವುದಿಲ್ಲ, ಮುಂದಿನ ಕೆಲವು ಸೆಷನ್‌ಗಳಲ್ಲಿ ಆಟ ನಿಂತಾಗಲೆಲ್ಲ ಯಾಕೆ ನಿಂತಿತೆಂದು ಒಬ್ಬರು ಒಂದು ಸಾಲು ಬರೆದಿಡಿ ಎಂದು ಸೂಚಿಸಿದೆ. ಬಣ್ಣದ ತೊಂದರೆ ಇರುವ ಸದಸ್ಯರು ಆ ಕೆಲಸ ವಹಿಸಿಕೊಂಡರು. ಅವರ ಟಿಪ್ಪಣಿಯಲ್ಲಿ ಮತ್ತೆ ಮತ್ತೆ ಬಂದವು ಇವು: ಈಗ ಯಾರ ಸರದಿ ಎಂದು ಗೊತ್ತಾಗಲಿಲ್ಲ, ನಕ್ಷೆ ಲೋಡ್ ಆಗುತ್ತಿದೆ, ಬಿಲ್ಲೆಗೆ ನೋಟ ಕೊಡುವುದು ಮರೆತುಹೋಗಿದೆ, ಅದಕ್ಕೇ ಕಪ್ಪು, ಆ ಬಟನ್ ಎಲ್ಲಿದೆ, ಈ ಮೃಗ ನಮ್ಮ ಕಡೆಯದೋ ಅವರ ಕಡೆಯದೋ. ಕೊನೆಯದು ಅವರದೇ ದೂರು. ಗೆಳೆಯರ ಬಿಲ್ಲೆಗೆ ಹಸಿರು ಉಂಗುರ, ಶತ್ರುವಿಗೆ ಕೆಂಪು ಉಂಗುರ ಎಂದು ಇಟ್ಟಿದ್ದರು. ಅವರಿಗೆ ಎರಡೂ ಒಂದೇ. ಇಷ್ಟು ದಿನ ಹೆಸರು ಓದಿಕೊಂಡು ಸುಧಾರಿಸಿಕೊಳ್ಳುತ್ತಿದ್ದರಂತೆ, ಹೇಳಿರಲಿಲ್ಲ. ಬೆಳಕು ಚೆನ್ನಾಗಿಲ್ಲ, ಅನಿಮೇಷನ್ ಸಾಲದು ಎಂಬ ಕಾರಣಕ್ಕೆ ಆಟ ನಿಂತ ಒಂದು ಉದಾಹರಣೆಯೂ ಆ ಟಿಪ್ಪಣಿಯಲ್ಲಿರಲಿಲ್ಲ.

ಎರಡನೆಯ ಪ್ರಯತ್ನ

ಬೇಸತ್ತವರು ಇನ್ನೊಂದು ತುದಿಗೆ ಹೋಗುವುದು ಸಹಜ. ಬ್ರೌಸರಿನಲ್ಲಿ ತೆರೆದರೆ ನಕ್ಷೆ ಮತ್ತು ಬಿಲ್ಲೆ ಕಾಣುವ, ಆಟದ ನಿಯಮಗಳೇನೂ ಗೊತ್ತಿಲ್ಲದ ಸರಳ ಬಗೆಯದೊಂದನ್ನು ಹಿಡಿದರು. ಕೊಂಡಿ ಕಳಿಸಿದರೆ ಎಲ್ಲರೂ ಒಳಗೆ. ಟ್ಯಾಬ್ಲೆಟ್ಟಿನಲ್ಲೂ ಸಲೀಸಾಗಿ ನಡೆಯಿತು. ಕಾಣದ ಭಾಗಕ್ಕೆ ಗೇಮ್ ಮಾಸ್ಟರ್ ಮಬ್ಬು ಹಚ್ಚಿಟ್ಟು, ಆಟಗಾರರು ಮುಂದುವರಿದಂತೆ ಕೈಯಿಂದ ಒರೆಸುತ್ತಿದ್ದರು. ಒಂದು ಕೋಣೆಗೆ ಒಂದು ಒರಸು. ಭಾನುವಾರದ ಕೆಲಸ ಅರ್ಧ ಗಂಟೆಗೆ ಇಳಿಯಿತು. ಗೋಡೆ ಎಳೆಯದೆಯೇ ಕತ್ತಲೆಯ ಅನುಭವದ ಬಹುಪಾಲು ಇದರಿಂದಲೇ ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಡೈನಾಮಿಕ್ ಲೈಟಿಂಗ್ ಈ ಕ್ಷೇತ್ರದಲ್ಲಿ ತನ್ನ ಯೋಗ್ಯತೆಗಿಂತ ಹೆಚ್ಚು ಹೊಗಳಿಸಿಕೊಂಡ ಸೌಲಭ್ಯ.

ಆದರೆ ಲೆಕ್ಕದ ಹೊರೆ ಮರಳಿ ತಲೆಯ ಮೇಲೆ ಬಿತ್ತು. ಪಾತ್ರದ ಹಾಳೆಗಳು ಒಂದು ಕಡೆ, ದಾಳ ಇನ್ನೊಂದು ಕಡೆ, ಹೆದರಿಕೆ ಎಷ್ಟಂಕ ಉಳಿದಿದೆ ಎಂಬುದು ಯಾರ ನೆನಪಿನಲ್ಲೂ ಇಲ್ಲ. ಕೆಲವು ವಾರ ಕಳೆಯುವಷ್ಟರಲ್ಲಿ ಒಂದು ಸೂಕ್ಷ್ಮ ಬದಲಾವಣೆಯನ್ನು ಗೇಮ್ ಮಾಸ್ಟರ್ ಗಮನಿಸಿದರು: ಎದುರಾಳಿಯನ್ನು ಹೆದರಿಸುವ, ಎಡವಿಸುವ ಚಾಣಾಕ್ಷ ಕ್ರಿಯೆಗಳನ್ನು ಆಟಗಾರರು ಕೈಬಿಟ್ಟು ಬರಿಯ ಏಟಿನ ಮೇಲೆ ಏಟು ಹಾಕತೊಡಗಿದ್ದರು. ಲೆಕ್ಕ ಇಡಬೇಕಾದ ಕ್ರಿಯೆಯನ್ನು ಮಾಡುವುದೇ ಬೇಡ ಎಂದು ಯಾರೂ ತೀರ್ಮಾನಿಸಿರಲಿಲ್ಲ. ಅದು ತಾನಾಗಿ ಆಗಿತ್ತು. ಉಪಕರಣವು ಆಟದ ರೀತಿಯನ್ನೇ ಬದಲಿಸುತ್ತಿತ್ತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದಲ್ಲಿ ಅತ್ಯಂತ ಬೆಲೆಯುಳ್ಳ ಗಮನಿಕೆ ಇದು, ಏಕೆಂದರೆ ಯಾರೂ ದೂರು ಕೊಡದ ನಷ್ಟವನ್ನು ಅದು ಹಿಡಿಯಿತು.

ಮೂರನೆಯ ತೀರ್ಮಾನ

ಅಲ್ಲಿಯವರೆಗೆ ಚರ್ಚೆ "ಯಾವ ತಂತ್ರಾಂಶ" ಎಂಬುದರ ಸುತ್ತ ಇತ್ತು. ಈಗ ಅವರಿಗೆ ಬೇಕಾದದ್ದರ ಪಟ್ಟಿ ಮೂರೇ ಅಂಶಗಳಿಗೆ ಇಳಿದಿತ್ತು: ಯಾರು ಎಲ್ಲಿ ನಿಂತಿದ್ದಾರೆಂದು ಎಲ್ಲರಿಗೂ ಕಾಣುವುದು, ಎದ್ದು ಕಾಣುವ ಸರದಿ, ತಾನಾಗಿ ಆಗುವ ಲೆಕ್ಕ. ಚಂದಾ ಸೇವೆಯೊಂದಕ್ಕೆ ಹೋಗುವ ಮಾತೂ ಬಂತು. ಅದರಿಂದ ಸರ್ವರಿನ ಕಾಟ ತಪ್ಪುತ್ತಿತ್ತು. ಆದರೆ ಮೊದಲ ತಂತ್ರಾಂಶದಲ್ಲಿ ಅವರು ಹಣ ಕೊಟ್ಟು ಪಡೆದ ಸಾಹಸಕಥೆಗಳು ಅಲ್ಲಿಗೆ ಬರುವುದಿಲ್ಲ. ಒಂದು ವೇದಿಕೆಯಲ್ಲಿ ಕೊಂಡ ಪುಸ್ತಕವನ್ನು ಇನ್ನೊಂದರಲ್ಲಿ ಬಳಸಬೇಕೆಂದರೆ ಸಾಮಾನ್ಯವಾಗಿ ಮತ್ತೆ ಕೊಳ್ಳಬೇಕು. ಪಾತ್‌ಫೈಂಡರ್‌ನ ನಿಯಮಗಳು ಆರ್ಕೈವ್ಸ್ ಆಫ್ ನೆತಿಸ್ ಎಂಬ ಜಾಲತಾಣದಲ್ಲಿ ಪ್ರಕಾಶಕರ ಒಪ್ಪಿಗೆಯಿಂದಲೇ ಉಚಿತವಾಗಿ ಸಿಗುತ್ತವಾದ್ದರಿಂದ ನಿಯಮಗಳ ಮಟ್ಟಿಗೆ ಈ ತಂಡಕ್ಕೆ ನಷ್ಟವಿರಲಿಲ್ಲ. ನಕ್ಷೆ, ಕಥೆಗಳ ಮಟ್ಟಿಗೆ ಇತ್ತು.

ಅವರು ಮೊದಲಿನ ಸ್ವಂತ ಸರ್ವರಿನ ತಂತ್ರಾಂಶಕ್ಕೇ ಮರಳಿದರು. ಈ ಸಲ ಷರತ್ತುಗಳನ್ನು ಬರೆದಿಟ್ಟುಕೊಂಡರು. ಮಾಡ್ಯೂಲ್‌ಗಳಲ್ಲಿ ಸರದಿಯನ್ನು ದೊಡ್ಡದಾಗಿ ತೋರಿಸುವುದು ಮತ್ತು ಇನ್ನೆರಡು ಮಾತ್ರ ಉಳಿದವು, ಉಳಿದದ್ದೆಲ್ಲ ಹೊರಕ್ಕೆ. ನಕ್ಷೆಯ ಯಾವ ಬದಿಯೂ 4096 ಪಿಕ್ಸೆಲ್ ಮೀರಬಾರದು, ಕಡತ ವೆಬ್‌ಪಿ ಎಂಬ ಕುಗ್ಗಿಸಿದ ಚಿತ್ರರೂಪದಲ್ಲಿರಬೇಕು. ಎರಡೂ ಬದಿ ಅರ್ಧವಾದರೆ ಸ್ಮೃತಿಯ ಹೊರೆ ಕಾಲು ಭಾಗಕ್ಕೆ, ಅಂದರೆ 64 ಎಂಬಿಗೆ ಇಳಿಯುತ್ತದೆ. ಗೋಡೆ ಮತ್ತು ಬೆಳಕು ಬಂದ್; ಮಬ್ಬನ್ನು ಕೈಯಿಂದ ಒರೆಸುವುದು. ಗೇಮ್ ಮಾಸ್ಟರ್ ಬಯಸಿದರೆ ಕಥೆಯ ಒಂದು ದೊಡ್ಡ ಘಟ್ಟಕ್ಕೆ ಬೆಳಕು ಇಟ್ಟುಕೊಳ್ಳಬಹುದು, ಆದರೆ ಅದರ ಗೋಡೆಗಳನ್ನು ಎಳೆಯುವವರು ತಾಂತ್ರಿಕ ಸದಸ್ಯರು. ಬಣ್ಣದ ಉಂಗುರಗಳ ಬದಲು ಶತ್ರುಗಳಿಗೆ ಚೌಕದ ಅಂಚು, ಗೆಳೆಯರಿಗೆ ದುಂಡು ಅಂಚು, ಒಂದೇ ಜಾತಿಯ ಮೃಗಗಳು ಹಲವಿದ್ದರೆ ಬಿಲ್ಲೆಯ ಮೇಲೆ ಅಂಕಿ. ಕಥೆಯ ಒಂದು ಅಧ್ಯಾಯ ಮುಗಿದು ಬಿಡುವು ಬರುವವರೆಗೆ ಆವೃತ್ತಿ ಏರಿಸುವಂತಿಲ್ಲ. ಏರಿಸುವ ದಿನ ಮೊದಲು ಬ್ಯಾಕಪ್, ಆ ಬ್ಯಾಕಪ್ಪನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡುವುದು, ಆಮೇಲೆ ಏರಿಕೆ. ಸರ್ವರಿನ ಪಾಸ್‌ವರ್ಡ್ ಇಬ್ಬರ ಬಳಿ ಇರಬೇಕು.

ಟ್ಯಾಬ್ಲೆಟ್ಟಿನ ಪ್ರಶ್ನೆ ಇಷ್ಟರಿಂದಲೂ ಪೂರ್ತಿ ಬಗೆಹರಿಯಲಿಲ್ಲ, ಏಕೆಂದರೆ ಆ ತಂತ್ರಾಂಶವನ್ನು ಮೌಸ್ ಮತ್ತು ದೊಡ್ಡ ಪರದೆಗೆಂದೇ ರೂಪಿಸಿದ್ದರು. ಕೊನೆಗೆ ಸಿಕ್ಕ ದಾರಿ ಸೆಟ್ಟಿಂಗ್‌ಗಳ ನಡುವೆ ಅಡಗಿತ್ತು: ಒಬ್ಬ ಬಳಕೆದಾರರ ಮಟ್ಟಿಗೆ ನಕ್ಷೆಯನ್ನು ತೆರೆಯದೆ, ಪಾತ್ರದ ಹಾಳೆ ಮತ್ತು ದಾಳಗಳನ್ನಷ್ಟೇ ಉಳಿಸುವ ಒಂದು ಆಯ್ಕೆ. ಅವರು ಟ್ಯಾಬ್ಲೆಟ್ಟಿನಲ್ಲಿ ತಮ್ಮ ಹಾಳೆಯನ್ನು ತೆರೆದುಕೊಂಡು, ವಿಡಿಯೊ ಕರೆಯಲ್ಲಿ ಇನ್ನೊಬ್ಬರು ಹಂಚಿದ ನಕ್ಷೆಯನ್ನು ಫೋನಿನಲ್ಲಿ ನೋಡುತ್ತ, ಬಿಲ್ಲೆಯನ್ನು ಎಲ್ಲಿಗೆ ಸರಿಸಬೇಕೆಂದು ಬಾಯಿಮಾತಿನಲ್ಲಿ ಹೇಳುತ್ತಾರೆ. ನೋಡಲು ಅಚ್ಚುಕಟ್ಟಾದ ವ್ಯವಸ್ಥೆಯಲ್ಲ. ಆದರೂ ಅವರ ಏಟಿನ ಲೆಕ್ಕ ಎಲ್ಲರ ಲೆಕ್ಕದಂತೆಯೇ ತಾನಾಗಿ ಆಗುತ್ತದೆ, ಮತ್ತು ಅವರು ಸರದಿ ತಪ್ಪಿಸಿಕೊಳ್ಳುವುದಿಲ್ಲ.

ಏನಾಯಿತು, ಅದರಿಂದ ಏನು ತಿಳಿಯಿತು

ಒಂದು ರಾತ್ರಿಯಲ್ಲಿ ಕಾದಾಟವೂ ಮುಗಿದು ಕಥೆಯೂ ಮುಂದಕ್ಕೆ ಹೋಗತೊಡಗಿತು. ಹೆದರಿಸುವ, ಎಡವಿಸುವ ಕ್ರಿಯೆಗಳು ಮರಳಿದವು. ಗೇಮ್ ಮಾಸ್ಟರ್ ಅವರ ಸಿದ್ಧತೆಯ ಸಮಯ ಹೆಚ್ಚುಕಡಿಮೆ ಹಳೆಯ ಮಿತಿಗೆ ಬಂತು. ಉಳಿದ ಸಮಯವನ್ನು ಎದುರಾಳಿಗಳ ಮಾತು, ಉದ್ದೇಶಗಳನ್ನು ಯೋಚಿಸಲು ಬಳಸುತ್ತೇನೆ ಎಂದರು. ತಾಂತ್ರಿಕ ಸದಸ್ಯರಿಗೆ ಮಾತ್ರ ಸ್ವಲ್ಪ ಬೇಸರ ಉಳಿಯಿತು. ಅವರು ಕಟ್ಟಿದ್ದರಲ್ಲಿ ಬಹುಪಾಲು ಮೂಲೆ ಸೇರಿತ್ತು, ಮತ್ತು ಅವರ ಶ್ರಮ ತಂಡಕ್ಕಾಗಿಯೇ ಇತ್ತು. ಅದನ್ನು ಗೇಮ್ ಮಾಸ್ಟರ್ ಎಲ್ಲರೆದುರು ಹೇಳಿದ್ದು ಒಳ್ಳೆಯದಾಯಿತು.

ಇದೇ ಪ್ರಯಾಣವನ್ನು ಬೇರೆ ತಂಡ ಮಾಡಿದರೆ ಇದೇ ತಂತ್ರಾಂಶಕ್ಕೆ ಬಂದು ತಲುಪಬೇಕೆಂದಿಲ್ಲ. ತನಿಖೆ, ಸಂಭಾಷಣೆಗಳೇ ಮುಖ್ಯವಾದ ಆಟವಾದರೆ, ಉದಾಹರಣೆಗೆ ಕಾಲ್ ಆಫ್ ಕಥುಲುವಿನಂಥದ್ದು, ಎರಡನೆಯ ಪ್ರಯತ್ನದ ಸರಳ ನಕ್ಷೆಯೂ ಹೆಚ್ಚಾದೀತು. ಒಂದು ಕರೆ ಮತ್ತು ಪತ್ರ, ಫೋಟೊಗಳನ್ನು ಹಂಚಲು ಒಂದು ಜಾಗ ಸಾಕು. ಎಲ್ಲರ ಬಳಿಯೂ ಒಳ್ಳೆಯ ಕಂಪ್ಯೂಟರ್ ಇದ್ದು, ಗೋಡೆ ಎಳೆಯುವುದನ್ನೇ ಬಿಡುವಿನ ಸಂತೋಷವೆಂದು ತಿಳಿಯುವ ಗೇಮ್ ಮಾಸ್ಟರ್ ಇದ್ದರೆ ಮೊದಲ ಪ್ರಯತ್ನವೇ ಸರಿ. ಹೀಗಾಗಿ ತಂತ್ರಾಂಶಗಳ ಹೋಲಿಕೆಗೆ ಇಳಿಯುವ ಮೊದಲು ಕೇಳಬೇಕಾದವು ಬೇರೆಯೇ: ನಮ್ಮ ಆಟದಲ್ಲಿ ಲೆಕ್ಕವೆಷ್ಟು ಭಾರ, ತಂಡದಲ್ಲಿ ಅತ್ಯಂತ ದುರ್ಬಲ ಯಂತ್ರ ಯಾವುದು, ಸೆಷನ್ನಿನ ನಡುವಿನ ದಿನಗಳ ಕೆಲಸ ಯಾರದು, ಸರ್ವರ್ ನೋಡಿಕೊಳ್ಳುವವರು ತಂಡ ಬಿಟ್ಟರೆ ಮುಂದೇನು. ಈ ಉತ್ತರಗಳು ಕೈಯಲ್ಲಿದ್ದರೆ ಆಯ್ಕೆಗಳು ಎರಡು ಮೂರಕ್ಕೆ ಇಳಿಯುತ್ತವೆ. ಆಗ ಒಂದು ಪ್ರಯೋಗದ ಸೆಷನ್ ಮಾಡಿ, ಅತ್ಯಂತ ದುರ್ಬಲ ಯಂತ್ರದಲ್ಲಿ ಅತ್ಯಂತ ದೊಡ್ಡ ನಕ್ಷೆಯನ್ನು ತೆರೆದು ನೋಡಬೇಕು. ಈ ತಂಡ ಪ್ರಯೋಗ ಮಾಡಿದ್ದು ತಾಂತ್ರಿಕ ಸದಸ್ಯರ ಮನೆಯ ಹೊಸ ಕಂಪ್ಯೂಟರಿನಲ್ಲಿ.

ತಂಡದ ಮುಂದೆ ಒಂದು ಪ್ರಶ್ನೆ ಇನ್ನೂ ತೆರೆದೇ ಇದೆ. ಈಗಿನ ಕಥೆ ಮುಗಿದ ಮೇಲೆ ಪಾತ್ರಗಳು, ಟಿಪ್ಪಣಿಗಳು, ನಕ್ಷೆಗಳೆಲ್ಲ ಆ ತಂತ್ರಾಂಶದ ದತ್ತಾಂಶದೊಳಗೇ ಉಳಿಯುತ್ತವೆ. ಬಾಡಿಗೆ ಸರ್ವರ್ ನಿಂತ ದಿನ ಅವನ್ನು ಓದಲು ಅದೇ ತಂತ್ರಾಂಶ, ಬಹುಶಃ ಅದೇ ಆವೃತ್ತಿ ಬೇಕು. ಸದ್ಯಕ್ಕೆ ಪ್ರತಿ ಅಧ್ಯಾಯದ ಕೊನೆಗೆ ಪಾತ್ರದ ಹಾಳೆಗಳನ್ನು ಪಿಡಿಎಫ್ ಮಾಡಿ, ಟಿಪ್ಪಣಿಗಳನ್ನು ಸಾದಾ ಪಠ್ಯವಾಗಿ ಹೊರತೆಗೆದು ಇಡುತ್ತಿದ್ದಾರೆ. ಆ ಕೆಲಸ ಯಾರದೆಂದು ಈ ಬಾರಿ ಮೊದಲೇ ನಿಗದಿಯಾಗಿದೆ: ಆಟ ಯಾಕೆ ನಿಂತಿತೆಂದು ಬರೆದಿಟ್ಟವರೇ ಅದನ್ನೂ ಒಪ್ಪಿಕೊಂಡಿದ್ದಾರೆ.